ಪಕ್ಕಕ್ಕಿಟ್ಟ ಮೊಗ್ಗು

ಕುಮಟೆಯ ಕಛೇರಿಯಿಂದ ಹೊರಬಿದ್ದ ಮೇಲೆ ಹೊನ್ನಾವರ ಬರುವ ತನಕ ಗಣಪಿ ತುಟಿಪಿಟಕ್ಕೆನ್ನಲಿಲ್ಲ. ಗಣಪಿ ಮುಕ್ಕಾಲು ತಾಸು ಸುಮ್ಮನೆ ಕೂತಳು ಎಂದರೆ ಹೆಬಳೆಯಲ್ಲಿ ಯಾರೂ ನಂಬಲಿಕ್ಕಿಲ್ಲ. ಆಣೆ ಹಾಕಿ ಹೇಳಿದರೂ ನಂಬಲಿಕ್ಕಿಲ್ಲ. ಆದರೆ ಅಂದು ಕೂತದ್ದು ನಿಜ. ಬಸ್ಸಿನ ಕಿಟಕಿಯ ಬದಿಗೆ ಸೊಸೆ ಲಾನಿ, ನಡುವೆ ತಾನು, ಈಚೆಗೆ ದೊಡ್ಡ ಮಗ ಪ್ರಕಾಶ, ಅವನ ತೊಡೆಯ ಮೇಲೆ ಕಾಗದಪತ್ರದ ಚೀಲ.

ಹೊನ್ನಾವರದ ಸ್ಟ್ಯಾಂಡಿನಲ್ಲಿ ಡ್ರೈವರು ಚಾ ಕುಡಿಯಲು ಇಳಿದದ್ದೇ ತಡ, ಅವಳು ಮಗನ ಕಡೆ ತಿರುಗಿದಳು.

"ಈಗ ಹೇಳು. ಆ ಸಾಹೇಬ ಇವಳ ಹತ್ರ ಎಂತ ಕೇಳ್ದ?"

"ಎಂತ ಇಲ್ಲ ಅಮ್ಮ. ಅರ್ಜಿಯಲ್ಲಿದ್ದ ಒಂದು ಶಬ್ದ ತೋರಿಸಿ, ಇದಕ್ಕೆ ಅರ್ಥ ಎಂತದು ಅಂತ ಕೇಳ್ದ. ಇವಳಿಗೆ ಗೊತ್ತಾಗ್ಲಿಲ್ಲ."

"ಯಾವ ಶಬ್ದ?"

"ಬಿರೀವ್ಡ್."

"ಹಂಗಂದ್ರೆ?"

ಪ್ರಕಾಶ ಚೀಲದ ಹಿಡಿಕೆ ತಿರುವುತ್ತ ಕೂತ. "ತನ್ನವರನ್ನ ಕಳಕೊಂಡವರು ಅಂತ. ಇವಳ ಲೆಕ್ಕದಲ್ಲಿ ಗಂಡ ಸತ್ತವಳು ಅಂತ."

ಚಿಕ್ಕ ಮಗ ನಿತೇಶ ಶಿರಾಲಿಯ ಹೈವೇಯಲ್ಲಿ ಸ್ಕೂಟರಿನಿಂದ ಬಿದ್ದು ಹೋಗಿ ಹನ್ನೊಂದು ತಿಂಗಳು. ಈ ಹುಡುಗಿ ಹನ್ನೊಂದು ತಿಂಗಳಿಂದ ಏನನ್ನು ಎದೆಯ ಮೇಲೆ ಹೊತ್ತು ತಿರುಗುತ್ತಿದ್ದಾಳೋ ಅದರ ಹೆಸರನ್ನೇ ಕೇಳಿದ್ದಾರೆ, ಇವಳು ಕಂಬದ ಹಾಗೆ ನಿಂತಿದ್ದಾಳೆ.

ತಪ್ಪು ಸಾಹೇಬನದಲ್ಲ, ಲಾನಿಯದೂ ಅಲ್ಲ. ನಮ್ಮ ಕಡೆಯ ಜನಕ್ಕೆ ಒಂದು ಚಟ ಇದೆ. ಸರ್ಕಾರಕ್ಕೆ ಏನಾದರೂ ಬರೆಯಬೇಕಾದರೆ ಇಂಗ್ಲಿಷು ದಪ್ಪಗಿರಬೇಕು, ಓದುವವನ ಹಲ್ಲು ಅಲುಗಬೇಕು. ಲಾನಿಯ ವೀಸಾ ಮುಂದುವರಿಸಲು ಅವಳ ಕೈಬರಹದಲ್ಲಿ ಹೇಳಿಕೆ ಬೇಕು ಎಂದಾಗ ಗಣಪಿ ನೇರ ಹೋದದ್ದು ನಿವೃತ್ತ ವಿಶ್ವನಾಥ ಮಾಸ್ತರರ ಮನೆಗೆ. ಅರ್ಧ ಭಟ್ಕಳ ತಾಲೂಕಿಗೆ ಅರ್ಜಿ ಬರೆದುಕೊಟ್ಟ ಕೈ ಅವರದು. ಎರಡು ದಿನ ಡಿಕ್ಷನರಿ ಹರವಿಕೊಂಡು ಕೂತು, ಮೂರು ಪುಟ ತುಂಬ ಕಬ್ಬಿಣದ ಕಡಲೆ ಬರೆದುಕೊಟ್ಟರು. ಲಾನಿ ಅದನ್ನು ರಂಗೋಲಿ ನೋಡಿ ರಂಗೋಲಿ ಹಾಕುವವರ ಹಾಗೆ ಚುಕ್ಕಿ ತಪ್ಪದೆ ನಕಲು ಮಾಡಿದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಹದಿನೈದು ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತ ಸಾಹೇಬನಿಗೆ ಇಷ್ಟು ತಿಳಿಯುವುದಿಲ್ಲವೇ?

"ಈ ಹೇಳಿಕೆ ಇವಳದಲ್ಲ ಅಂದ," ಪ್ರಕಾಶ ಮುಂದುವರಿಸಿದ. "ಗಂಡ ಸತ್ತ ಮನೆಯಲ್ಲಿ ಭಾಷೆ ಬರದ ಹೆಂಗಸು, ಅವಳ ಬದಲು ಬೇರೆಯವ್ರೇ ಮಾತಾಡ್ತ್ರು, ಅವಳಿಗೆ ಇಲ್ಲಿರೂಕೆ ಮನಸ್ಸಿದ್ಯಾ ಇಲ್ವಾ ನಂಗೆ ಹೆಂಗೆ ಗೊತ್ತಾಗ್ಬೇಕು ಅಂತ ಕೇಳ್ದ. ನಲವತ್ತು ದಿನ ಬಿಟ್ಟು ಬರ್ಬೇಕಂತೆ. ಒಳಗೆ ಇವಳೊಬ್ಬಳೇ. ಇಂಗ್ಲಿಷಾದ್ರೂ ಆತು, ಹಿಂದಿಯಾದ್ರೂ ಆತು. ಅವನಿಗೆ ಕನ್ನಡ ಬರೂದಿಲ್ಲ, ನಡುವೆ ಗುಮಾಸ್ತ ನಿಂತ್ರೆ ಮತ್ತೆ ಬೇರೆಯವರ ಬಾಯೇ ಆತಲ್ಲ ಅಂದ."

"ಹೇಳೂಕೆ ಆಗ್ದಿದ್ರೆ?"

"ಕಡತ ಅಲ್ಲಿಗೇ ಮುಚ್ತದೆ. ಇವಳು ಚೀನಕ್ಕೆ ಹೋಗ್ಬೇಕು." ಪ್ರಕಾಶ ದನಿ ತಗ್ಗಿಸಿದ. "ಬಿಟ್ಟುಬಿಡು ಅಮ್ಮ. ಹೋಗ್ಲಿ. ನಿತೇಶನೇ ಇಲ್ಲ, ಮಕ್ಕಳೂ ಇಲ್ಲ. ಇಲ್ಲಿದ್ದು ಎಂತ ಮಾಡ್ತದೆ? ಅವಳಿಗೂ ಒಳ್ಳೇದು, ನಿಂಗೂ ಒಳ್ಳೇದು."

ಗಣಪಿ ಸೊಸೆಯ ಕಡೆ ನೋಡಿದಳು. ಲಾನಿಗೆ ಅಡುಗೆಮನೆಯ ಕನ್ನಡ ಚೆನ್ನಾಗಿ ಬರುತ್ತಿತ್ತು. "ಹೋಗ್ಲಿ" ಅಡುಗೆಮನೆಯ ಮಾತೇ. ಅವಳು ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

"ನಿಂಗೆ ಹೋಗ್ಬೇಕಾ?" ಗಣಪಿ ಕೇಳಿದಳು.

"ಬೇಡ," ಅಂದಳು ಲಾನಿ.

"ಕೇಳ್ದ್ಯಾ?" ಗಣಪಿ ಮಗನಿಗೆ ಹೇಳಿದಳು. "ಇದನ್ನೇ ಅವ ಇಂಗ್ಲಿಷಿನಲ್ಲಿ ಕೇಳ್ಬೇಕು ಅಂಬದು. ನಲವತ್ತು ದಿನ ಅದೆ. ಇವಳು ಹೇಳ್ತಾಳೆ. ಹೇಳ್ದೇ ಇದ್ರೆ ನನ್ನ ಹೆಸರು ಗಣಪಿ ಅಲ್ಲ."

ಹೇಳಿದ್ದೇನೋ ಹೇಳಿದಳು. ಶರಾವತಿ ಸೇತುವೆ ದಾಟುವಷ್ಟರಲ್ಲಿ ಆಡಿದ್ದು ಹೆಚ್ಚಾಯಿತು ಎಂದು ಅವಳಿಗೇ ಅನಿಸಿತ್ತು.

ಯಾಕೆಂದರೆ ಈ ಇಂಗ್ಲಿಷಿನ ವಿಷಯದಲ್ಲಿ ಗಣಪಿ ಊರಿಡೀ ಒಮ್ಮೆ ಮಂಗ ಆದವಳು. ನಿತೇಶ ಚೀನದ ಫೂಚೌ ಎಂಬ ಊರಿನಲ್ಲಿ ಯೋಗ ಕಲಿಸುತ್ತಿದ್ದ. ಅಲ್ಲಿ ಚಹಾ ಪೊಟ್ಟಣ ಕಟ್ಟುವ ಕಾರ್ಖಾನೆಯಲ್ಲಿದ್ದ ಲಾನ್‌ಷಿನ್ ಎಂಬವಳನ್ನು ಮದುವೆಯಾಗಿ ಮೂರು ವರ್ಷದ ಹಿಂದೆ ಕರೆತಂದಾಗ ಊರಿಗೆ ಊರೇ ನೋಡಲು ಬಂದಿತ್ತು. ಲಾನ್‌ಷಿನ್ ಎಂಬ ಹೆಸರು ಎರಡೇ ದಿನದಲ್ಲಿ ಲಾನಿ ಆಯಿತು. ಫಾರಿನ್ನಿನವಳು ಎಂದ ಮೇಲೆ ಇಂಗ್ಲಿಷು ಬಾರದೆ ಇರುತ್ತದೆಯೇ? ಬಿಳಿ ಚರ್ಮ, ವಿಮಾನದಲ್ಲಿ ಬಂದವಳು. "ನಮ್ಮ ಸೊಸೆಗೆ ಇಂಗ್ಲಿಷಂದ್ರೆ ನೀರು ಕುಡ್ದ ಹಂಗೆ" ಎಂದು ಗಣಪಿಯೇ ಬಾವಿಕಟ್ಟೆಯಲ್ಲಿ ಸಾರಿದ್ದಳು. ಜನ ಔಷಧದ ಚೀಟಿ ತಂದರು, ಬ್ಯಾಂಕಿನ ಕಾಗದ ತಂದರು. ಪಕ್ಕದ ಮನೆಯ ರೇಖಾ ಮಿಕ್ಸರಿನ ಜೊತೆ ಬಂದ ಪುಸ್ತಕವನ್ನೇ ತಂದಳು. ಲಾನಿ ಎಲ್ಲವನ್ನೂ ಎರಡೂ ಕೈಯಲ್ಲಿ ಗೌರವದಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ಎರಡೂ ಕೈಯಲ್ಲಿ ವಾಪಸು ಕೊಟ್ಟಳು. ನಿತೇಶ ಬಿದ್ದು ಬಿದ್ದು ನಕ್ಕು, "ಅಮ್ಮ, ಇವಳು ಶಾಲೆ ಬಿಟ್ಟದ್ದು ಹದಿನೈದಕ್ಕೆ. ಎ ಬಿ ಸಿ ಡಿ ಬರ್ತದೆ, ಮುಂದೆ ಇಲ್ಲ. ನಾವಿಬ್ರು ಮಾತಾಡೂದು ಚೀನೀ ಭಾಷೆ" ಎಂದಿದ್ದ. ಅಂದಿನಿಂದ ರೇಖಾ ಸಿಕ್ಕಾಗಲೆಲ್ಲ, "ಗಣಪಕ್ಕ, ನಿಮ್ಮನೆ ನೀರು ಬಾವಿಯಿಂದ ಮೇಲೆ ಬಂತಾ?" ಎಂದು ಕೇಳುವುದು ತಪ್ಪಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮಲ್ಲಿಗೆಯ ಮೊಗ್ಗು ಕಿತ್ತು ತಂದು ಇಬ್ಬರೂ ಜಗಲಿಯಲ್ಲಿ ಕೂತರು. ಗಣಪಿಯ ಸಂಸಾರ ನಡೆದದ್ದೇ ಈ ಕೆಲಸದಲ್ಲಿ. ಬಿಸಿಲೇರುವ ಮೊದಲು ಮೊಗ್ಗು ಕೀಳಬೇಕು, ನೆನೆಸಿದ ಬಾಳೆನಾರಿನಲ್ಲಿ ದಂಡೆ ಕಟ್ಟಬೇಕು, ಮಧ್ಯಾಹ್ನದೊಳಗೆ ಪೇಟೆಗೆ ಮುಟ್ಟಿಸಬೇಕು. ಲಾನಿಗೆ ಇದನ್ನು ಹೇಳಿಕೊಡಬೇಕಾಗಿ ಬಂದಿರಲಿಲ್ಲ. ಮದುವೆಯಾಗಿ ಬಂದ ದಿನವೇ ಬುಟ್ಟಿ ನೋಡಿ "ಮೋಲಿ!" ಎಂದು ಕೂಗಿದ್ದಳು. ಅವಳ ಭಾಷೆಯಲ್ಲೂ ಈ ಹೂವಿನ ಹೆಸರು ಹೆಚ್ಚುಕಡಿಮೆ ಅದೇ. ಅವಳನ್ನು ಸಾಕಿದ ಅಜ್ಜಿ ಫೂಚೌದಲ್ಲಿ ಚಹಾಪುಡಿಗೆ ಬೆರೆಸುವ ಮಲ್ಲಿಗೆ ಕೀಳುತ್ತಿದ್ದವಳು. ಆ ಅಜ್ಜಿಯೂ ಹೋಗಿಯಾಗಿತ್ತು; ಅಲ್ಲಿ ಲಾನಿಗೆ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ.

ಲಾನಿ ಒಳಗಿಂದ ಒಂದು ಪುಸ್ತಕ ತಂದಳು. ಹಳೆಯದು, ಬೆನ್ನು ಕಿತ್ತದ್ದು. ಇಂಗ್ಲಿಷು ಶಬ್ದ, ಪಕ್ಕದಲ್ಲಿ ಚೀನೀ ಅರ್ಥ, ಸಾಲಿಗೆ ಸಾಲು. ಮೊದಲ ಪುಟ ಮಾತ್ರ ಮಾಸಿ ಕಪ್ಪಾಗಿತ್ತು, ಉಳಿದವೆಲ್ಲ ಹೊಚ್ಚ ಹೊಸತು.

"ಇದೆಂತ, ಒಂದೇ ಪುಟ ಓದಿದ್ದು?"

"ಮೂರು ಸಲ ಓದಿದೆ, ಅತ್ತೆ. ಮೂರು ಸಲ ಬಿಟ್ಟೆ. ನಮ್ಮಲ್ಲಿ ಎಲ್ಲರೂ ಹಾಗೇ. ಮೊದಲನೇ ಶಬ್ದ ಓದ್ತಾರೆ, ಬಿಡ್ತಾರೆ."

"ಮೊದಲನೇ ಶಬ್ದ ಯಾವುದು?"

"ಅಬ್ಯಾಂಡನ್."

"ಅಂದ್ರೆ?"

ಲಾನಿಗೆ ಕನ್ನಡದ ಮಾತು ಸಿಗಲಿಲ್ಲ. ಎದ್ದಳು. ಮೊಗ್ಗಿನ ಬುಟ್ಟಿಯನ್ನು ಜಗಲಿಯ ಮೇಲೆ ಇಟ್ಟಳು, ಅದಕ್ಕೆ ಬೆನ್ನು ಹಾಕಿದಳು, ತಿರುಗಿ ನೋಡದೆ ಗೇಟಿನವರೆಗೆ ನಡೆದುಬಿಟ್ಟಳು. ಗಣಪಿಗೆ ಅರ್ಥವಾಯಿತು. ಮೈ ಉರಿದು ಹೋಯಿತು.

"ಥೂ! ಶುರುವಿಗೇ ಬಿಟ್ಟುಹೋಗೂ ಮಾತಾ? ಯಾವ ಪುಣ್ಯಾತ್ಮ ಬರ್ದದ್ದು ಈ ಪುಸ್ತಕ? ನಮ್ಮಲ್ಲಿ ಮಗುಗೆ ಅಕ್ಷರ ಹಚ್ಚೂಕಾದ್ರೂ ದೇವರ ಹೆಸರು ಹೇಳ್ತ್ರು. ಬಾ ಇಲ್ಲಿ, ಕೂತ್ಕೋ. ಹಂಗಲ್ಲ ಕಲಿಯೂದು."

ಗಣಪಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ದೇವರ ನೂರೆಂಟು ಹೆಸರು ಅವಳಿಗೆ ನಿದ್ದೆಯಲ್ಲೂ ತಪ್ಪುತ್ತಿರಲಿಲ್ಲ; ಅದನ್ನು ಅವಳು ಪುಸ್ತಕದಿಂದ ಕಲಿತಿರಲಿಲ್ಲ. ಅವಳ ತವರಿನಲ್ಲಿ ಹರಕೆಯ ದಂಡೆ ಕಟ್ಟುವುದಕ್ಕೆ ಒಂದು ಕ್ರಮ ಇತ್ತು. ಒಂದು ಮೊಗ್ಗಿಗೆ ಒಂದು ಹೆಸರು. ಹೆಸರು ಬಾಯಿಗೆ ಬಾರದೆ ಗಂಟು ಬಿಗಿಯುವ ಹಾಗಿಲ್ಲ. ತಪ್ಪಿ ಬಿಗಿದರೆ ಬಿಚ್ಚಬೇಕು, ಆ ಮೊಗ್ಗನ್ನು ಪಕ್ಕಕ್ಕಿಟ್ಟು ಬೇರೆ ಮೊಗ್ಗು ಎತ್ತಬೇಕು. ಏಳು ವರ್ಷದ ಗಣಪಿ ಅಮ್ಮನ ಪಕ್ಕ ಕೂತು ಹೀಗೆ ಕಟ್ಟುತ್ತ ಕಟ್ಟುತ್ತ ಕಲಿತದ್ದು ಅರವತ್ತೆರಡಕ್ಕೂ ಬೆರಳಿನಲ್ಲೇ ಇತ್ತು.

"ಒಂದು ಮೊಗ್ಗು, ಒಂದು ಮಾತು," ಎಂದಳು. "ಮೊದಲು ಮನೆಯಲ್ಲಿದ್ದದ್ದು. ಆಮೇಲೆ ಆ ನಿನ್ನ ಪುಸ್ತಕ. ಆ ದರಿದ್ರ ಶಬ್ದ ಮಾತ್ರ ನನ್ನ ದಂಡೆಗೆ ಬೇಡ." ಹಾಗೆಂದು ಬುಟ್ಟಿಯಿಂದ ಒಂದು ಮೊಗ್ಗು ಹೆಕ್ಕಿ, ಅದೇ ಆ ಶಬ್ದವೆಂಬಂತೆ, ಅಂಗಳದತ್ತ ಎಸೆದಳು. ಅದು ಮೆಟ್ಟಿಲಿನ ಮೇಲೆ ಬಿತ್ತು. ಗಣಪಿ ಮತ್ತೆ ಅತ್ತ ನೋಡಲಿಲ್ಲ.

ಶುರುವಾಯಿತು. ನೀರು, ವಾಟರ್. ಕಲ್ಲು, ಸ್ಟೋನ್. ಕೈ, ಹ್ಯಾಂಡ್. ಲಾನಿ ಪುಸ್ತಕದಲ್ಲಿ ಹುಡುಕಿ ಓದುವಳು. ಉಚ್ಚಾರ ತಿದ್ದಲು ರೇಖಾಳ ಮಗಳು, ಕಾಲೇಜಿಗೆ ಹೋಗುವ ಅಂಕಿತಾ, ಬಸ್ಸಿಗೆ ಮೊದಲು ಕಾಲು ಗಂಟೆ ಬಂದು ಕೂರುವಳು. ಆದರೆ ಲಾನಿಯ ಬಾಯಲ್ಲಿ ಒಂದು ತೊಂದರೆ ಇತ್ತು. ಶಬ್ದದ ಬಾಲ ನಿಲ್ಲುತ್ತಿರಲಿಲ್ಲ. ಹ್ಯಾಂಡ್ ಹೋಗಿ ಹ್ಯಾನ್ ಆಗುತ್ತಿತ್ತು, ಸ್ಟಾಪ್ ಹೋಗಿ ಸ್ತಾ ಆಗುತ್ತಿತ್ತು. ಅವಳ ಭಾಷೆಯಲ್ಲಿ ಮಾತು ಹಾಗೆ ಕೊನೆಯಾಗುವುದೇ ಇಲ್ಲವಂತೆ. ಅಂಕಿತಾ ನಾಲ್ಕು ದಿನ "ಡ್, ಡ್, ಡ್" ಎಂದು ಹೇಳಿಸಿ ಸೋತಳು.

ಗಣಪಿಗೆ ರೇಗಿತು. "ಎಂತದೇ ಅದು ಡ್, ಡ್ ಅಂತ, ಎತ್ತು ಹೊಡ್ದ ಹಂಗೆ? ನೆಟ್ಟಗೆ ಹ್ಯಾಂಡು ಅನ್ನು."

"ಹ್ಯಾಂಡು," ಅಂದಳು ಲಾನಿ.

ಅಂಕಿತಾ ಬಾಯಿ ತೆರೆದಳು. ಡಕಾರ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಸ್ಟಾಪು, ಬುಕ್ಕು, ರೋಡು, ಹೌಸು. ನಮ್ಮ ಕಡೆಯ ಉಕಾರದ ಊರುಗೋಲು ಕೊಟ್ಟದ್ದೇ ತಡ, ಬಿದ್ದು ಹೋಗುತ್ತಿದ್ದ ಬಾಲಗಳೆಲ್ಲ ಎದ್ದು ನಿಂತವು. "ಅಜ್ಜಿ, ಇದು ಇಂಗ್ಲಿಷಲ್ಲ, ಹೆಬಳೆ ಇಂಗ್ಲಿಷು" ಎಂದು ಅಂಕಿತಾ ನಕ್ಕಳು. "ಇರ್ಲಿ ಬಿಡು. ಅವಳಿರೂದು ಹೆಬಳೆಯಲ್ಲಲ್ದ? ಲಂಡನ್ನಿನಲ್ಲಾ?" ಎಂದಳು ಗಣಪಿ.

ಅತ್ತೆ ಎಂಬ ಶಬ್ದ ಬಂದ ದಿನ ದೊಡ್ಡ ತಕರಾರೇ ಆಯಿತು. ಮದರ್ ಇನ್ ಲಾ. ಒಂದು ಮಾತಿಗೆ ಮೂರು ಮೊಗ್ಗು ಬೇಕು. ಲಾ ಅಂದರೇನೆಂದು ಗಣಪಿ ಕೇಳಿದಳು. ಕಾನೂನು ಎಂದಳು ಅಂಕಿತಾ.

"ಕಾನೂನಿನ ಅಮ್ಮನಾ ನಾನು? ಕಾನೂನು ಕುಮಟೆಯ ಕಛೇರಿಯಲ್ಲಿ ಇರ್ಲಿ. ನಮ್ಮನೆಗೆ ಬರೀ ಮದರು ಸಾಕು." ಎರಡು ಮೊಗ್ಗು ಬುಟ್ಟಿಗೆ ವಾಪಸು ಬಿತ್ತು.

ಊರು ಸುಮ್ಮನಿರುತ್ತದೆಯೇ? ಬಾವಿಕಟ್ಟೆಯಲ್ಲಿ, "ಗಣಪಕ್ಕ ಇಂಗ್ಲಿಷು ಕಲಿತಿದ್ಯಂತೆ, ಯಾವ ದೇಶಕ್ಕೆ ಹೊರಟದ್ದು?" ಎಂದು ರೇಖಾ ಕೇಳಿದಳು. "ನಿನ್ನ ಮಿಕ್ಸರ್ ಪುಸ್ತಕ ಓದೂಕೆ" ಎಂದು ಗಣಪಿ ಕೊಡ ಎತ್ತಿಕೊಂಡು ಬಂದಳು. ಶಿರಾಲಿಯ ತನ್ನ ಹಾರ್ಡ್‌ವೇರ್ ಅಂಗಡಿಯಿಂದ ಪ್ರಕಾಶ ಫೋನು ಮಾಡಿದ. "ಅಮ್ಮ, ಇಷ್ಟೆಲ್ಲ ಒದ್ದಾಟ ಎಂತಕ್ಕೆ? ಫೋನಿನಲ್ಲೇ ಅದೆ. ಅವಳು ಚೀನೀಯಲ್ಲಿ ಹೇಳಿದ್ರೆ ಅದು ಇಂಗ್ಲಿಷಿನಲ್ಲಿ ಹೇಳ್ತದೆ."

"ಫೋನಿನ ಬಾಯಿ ಅವಳ ಬಾಯಿಯಾ? ಅದೂ ಬೇರೆಯವರ ಬಾಯೇ. ಮಾಸ್ತರರ ಬಾಯಿ ತಕಂಡು ಹೋಗಿ ಆದದ್ದು ಸಾಲ್ದಾ?"

ಇಪ್ಪತ್ತಮೂರನೇ ದಿನ ಲಾನಿ ಮುರಿದು ಬಿದ್ದಳು. ಅಂದು ಬೆಳಿಗ್ಗೆಯಿಂದಲೂ ಅವಳ ಬಾಯಿಗೆ ಒಂದೂ ಹತ್ತಲಿಲ್ಲ. ನಿನ್ನೆ ಕಟ್ಟಿದ ಶಬ್ದಗಳು ಇಂದು ಉದುರಿ ಹೋಗಿದ್ದವು. ನಾಲ್ಕು ಸಲ ಗಂಟು ಬಿಚ್ಚಿಸಿದಾಗ ಅವಳು ನಾರನ್ನು ಹರಿದು ಎಸೆದು, ಬುಟ್ಟಿಯನ್ನು ಕಾಲಿನಿಂದ ದೂಡಿದಳು. ಮೊಗ್ಗು ಜಗಲಿ ತುಂಬ ಚೆಲ್ಲಿತು.

"ಸಾಕು! ಬರೂದಿಲ್ಲ ನಂಗೆ! ನಾನು ದಡ್ಡಿ! ಪ್ರಕಾಶಣ್ಣ ಹೇಳಿದ್ದೇ ಸರಿ, ಹೋಗ್ತೆ!"

ಗಣಪಿ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಅಳು ಬಂತು. ಮಗ ಹೋದಾಗಿನಿಂದ ಯಾರೆದುರೂ ಅಳದ ಹೆಂಗಸು ಚೆಲ್ಲಿದ ಮೊಗ್ಗಿನ ನಡುವೆ ಕೂತು ಗೊಳೋ ಎಂದು ಅತ್ತಳು. "ಹೋಗು. ಹೋಗೂದಾದ್ರೆ ಹೋಗು. ಅವನೂ ಹೀಗೇ, ಹೋಗಿ ಬತ್ತೆ ಅಂತ ಹೇಳಿ ಹೋದವ. ನೀನೂ ಹೋಗು. ನಂಗೆ ಯಾರು ಬೇಕು? ನಂಗೆ ಯಾರೂ ಬೇಡ!"

ಲಾನಿ ಮಂಡಿಯೂರಿ ಒಂದೊಂದೇ ಮೊಗ್ಗು ಹೆಕ್ಕಿ ಬುಟ್ಟಿಗೆ ಹಾಕತೊಡಗಿದಳು. ಎಲ್ಲ ಹೆಕ್ಕಿಯಾದ ಮೇಲೆ ಪುಸ್ತಕ ತೆರೆದು, ಮೊದಲಿನ ಕೆಲವು ಪುಟ ಮಗುಚಿ ಬೆರಳು ಓಡಿಸಿ, ಒಂದು ಶಬ್ದದ ಮೇಲೆ ನಿಲ್ಲಿಸಿದಳು. ಪಕ್ಕದ ಚೀನೀ ಅಕ್ಷರಗಳನ್ನು ಓದಿದಳು. ಮತ್ತೊಮ್ಮೆ ಓದಿದಳು.

"ಬಿರೀವ್ಡು," ಎಂದಳು. "ಅತ್ತೆ, ಇದು ನಾನು. ಇದು ನೀವು."

ಒಂದು ಮೊಗ್ಗು ತೆಗೆದು ಗಂಟು ಬಿಗಿದಳು. ಗಣಪಿ ಮೂಗು ಒರೆಸಿಕೊಂಡು ತಾನೂ ಹೇಳಿದಳು, ತಾನೂ ಒಂದು ಕಟ್ಟಿದಳು. ಆ ದಿನದ ದಂಡೆ ಪೇಟೆಗೆ ಹೋಗಲಿಲ್ಲ. ಅದನ್ನು ಇಬ್ಬರೂ ಸೇರಿ ನಿತೇಶನ ಫೋಟೋಕ್ಕೆ ಹಾಕಿದರು. ಮರುದಿನದಿಂದ ಲಾನಿಯ ಶಬ್ದ ಉದುರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಉದುರಿದವು, ಅವಳು ಮತ್ತೆ ಹೆಕ್ಕಿದಳು.

ನಲವತ್ತನೇ ದಿನ ಪ್ರಕಾಶನಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲವಂತೆ. ಬೇಡವೇ ಬೇಡ ಎಂದು ಇಬ್ಬರೇ ಕುಮಟೆಗೆ ಹೋದರು. ಲಾನಿಯ ಜಡೆಯಲ್ಲಿ ಒಂದು ಮೊಳ ಮಲ್ಲಿಗೆ, ಕೈಯಲ್ಲಿ ಬೆನ್ನು ಕಿತ್ತ ಪುಸ್ತಕ. ಕಛೇರಿಯಲ್ಲಿ ಪ್ಯೂನ್ ಜಟ್ಟಿ ಅವಳನ್ನು ಒಳಗೆ ಬಿಟ್ಟು, ಗಣಪಿಗೆ ಹೊರಗಿನ ಬೆಂಚು ತೋರಿ, "ಅಜ್ಜಿ, ನೀವು ಇಲ್ಲೇ ಕೂರ್ಬೇಕು, ಸಾಹೇಬರ ಆರ್ಡರು" ಎಂದ. ಬೆಂಚು ಇದ್ದದ್ದು ಕಿಟಕಿಯ ಬುಡದಲ್ಲಿ. ಕಿಟಕಿ ಅರ್ಧ ತೆರೆದಿತ್ತು. ಅಲ್ಲಿ ಕೂರಬೇಡ ಎಂದು ಆರ್ಡರಿನಲ್ಲಿ ಇರಲಿಲ್ಲವಲ್ಲ! ಗಣಪಿ ಸೆರಗು ಸರಿಮಾಡಿಕೊಂಡು ಕಿವಿ ಅತ್ತ ಇಟ್ಟಳು.

"ವೈ ಡು ಯು ವಾಂಟ್ ಟು ಸ್ಟೇ ಹಿಯರ್?" ಸಾಹೇಬನ ದನಿ.

ಗಣಪಿಗೆ ರೋಮಾಂಚನವಾಯಿತು. ವೈ ಅಂದರೆ ಎಂತಕ್ಕೆ. ಸ್ಟೇ ಅಂದರೆ ಇರುವುದು. ಎರಡನ್ನೂ ತಾನೇ ಕಟ್ಟಿದ್ದಳು. ಅರವತ್ತೆರಡು ವರ್ಷ ಗೋಡೆಯ ಹಾಗೆ ನಿಂತಿದ್ದ ಭಾಷೆಯೊಳಗೆ ಅವಳಿಗೆ ಮೊದಲ ಸಲ ಬಾಗಿಲು ಕಂಡಿತು.

ಹೇಳು, ಹೇಳು, ಎಂದು ಗಣಪಿ ಹಲ್ಲು ಕಚ್ಚಿದಳು.

"ಹಸ್ಬೆಂಡು ಡೆಡ್ಡು," ಅಂದಳು ಲಾನಿ. "ಐ ಬಿರೀವ್ಡು. ಲಾಸ್ಟ್ ಟೈಮು ಐ ನಾಟ್ ನೋ ದಿಸ್ ವರ್ಡು. ನೌ ಐ ನೋ."

ಕುರ್ಚಿ ಕಿರುಗುಟ್ಟಿತು. ಸಾಹೇಬ ಮುಂದೆ ಬಾಗಿರಬೇಕು. "ವಾಟ್ ಆರ್ ಯು ಡೂಯಿಂಗ್ ವಿತ್ ಯುವರ್ ಹ್ಯಾಂಡ್ಸ್?"

"ಐ ಟೈ ವರ್ಡು. ಒನ್ ಫ್ಲವರು, ಒನ್ ವರ್ಡು."

ಬರಿಗೈಯಲ್ಲೇ ಗಂಟು ಹಾಕುತ್ತಿದ್ದಾಳೆ! ಗಣಪಿ ಕೆಳಗೆ ನೋಡಿದರೆ ತನ್ನ ಬೆರಳುಗಳೂ ಸೆರಗಿನ ತುದಿಯಲ್ಲಿ ಅದನ್ನೇ ಮಾಡುತ್ತಿದ್ದವು.

"ಹೂ ಈಸ್ ದೇರ್ ಫಾರ್ ಯು ಹಿಯರ್?"

"ಮದರು."

"ಯು ಮೀನ್ ಮದರ್ ಇನ್ ಲಾ."

"ನೋ ಲಾ," ಅಂದಳು ಲಾನಿ. ಗಟ್ಟಿಯಾಗಿಯೇ ಅಂದಳು. "ಮದರು."

ಆಮೇಲೆ ಸಾಹೇಬ ಕೇಳಿದ ಪ್ರಶ್ನೆಯಲ್ಲಿ ಫೋರ್ಸಿಂಗ್ ಎಂಬ ಶಬ್ದ ಇತ್ತು. ಗಣಪಿಯ ಬೆರಳು ನಿಂತಿತು. ಅದನ್ನು ಅವರು ಕಟ್ಟಿರಲಿಲ್ಲ. ನಲವತ್ತು ದಿನದ ದಂಡೆಯನ್ನೆಲ್ಲ ತಲೆಯೊಳಗೇ ತಡಕಿದಳು. ಇಲ್ಲ, ಎಲ್ಲೂ ಇಲ್ಲ. ತಡೆಯಲಾರದೆ ಅವಳು ಎದ್ದು ಕಿಟಕಿಯಲ್ಲಿ ಇಣುಕಿದಳು. ಸಾಹೇಬ ತನ್ನ ಬಲಗೈಯಿಂದ ತನ್ನದೇ ಎಡ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಎಳೆದು ತೋರಿಸುತ್ತಿದ್ದ. ಕೆಟ್ಟವನಲ್ಲ, ಪಾಪ.

ಲಾನಿ ತಲೆ ಅಲ್ಲಾಡಿಸಿದಳು. "ನೋಬಡಿ ಹೋಲ್ಡು ಮಿ," ಎಂದಳು. ತನ್ನೆರಡು ಕೈಯನ್ನೂ ಮುಷ್ಟಿ ಕಟ್ಟಿ ಮೇಜಿನ ಮೇಲಿಟ್ಟಳು. "ಐ ಹೋಲ್ಡು."

ಸಾಹೇಬ ನಿಧಾನವಾಗಿ, ಬಿಡಿಸಿ ಬಿಡಿಸಿ, ಅತ್ತೆಗೆ ವಯಸ್ಸಾಗಿದೆ, ಇದು ಅಪರಿಚಿತ ದೇಶ, ನಿನ್ನ ಊರಿಗೆ ಹೋದರೆ ಸುಲಭವಲ್ಲವೇ ಎಂಬರ್ಥದ್ದೇನನ್ನೋ ಕೇಳಿದ. ಓಲ್ಡ್, ಕಂಟ್ರಿ, ಈಸಿ. ಅಷ್ಟು ಗಣಪಿಗೆ ಸಿಕ್ಕಿತು.

ಲಾನಿ ಪುಸ್ತಕ ತೆರೆದಳು. ಮೊದಲನೇ ಪುಟ, ಆ ಕಪ್ಪಾದ ಪುಟ. ಬೆರಳಿಟ್ಟು ಓದಿದಳು.

"ಅಬ್ಯಾಂಡನ್ನು."

ಆ ಶಬ್ದ! ದಂಡೆಗೆ ಬೇಡವೆಂದು ಎಸೆದ ಶಬ್ದ! ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದಾಳೆಯೇ? ಅವಳು ಬಾಗಿಲಿಗೆ ಓಡಿದಳು. "ಅಜ್ಜಿ, ಒಳಗೆ ಹೋಗೂಕಿಲ್ಲ!" ಎಂದು ಜಟ್ಟಿ ಅಡ್ಡ ನಿಂತ. "ದಾರಿ ಬಿಡು ಮಾರಾಯ, ಅದು ತಪ್ಪು ಶಬ್ದ, ಅವಳಿಗೆ ತಪ್ಪಿ ಬಂದದ್ದು!" ಎಂದು ಗಣಪಿ ಅವನ ತೋಳಿನ ಕೆಳಗಿಂದ ತಲೆ ತೂರಿಸಿಬಿಟ್ಟಳು.

ಆ ಪುಟದ ಮೇಲೆ ಒಂದು ಮೊಗ್ಗು ಇತ್ತು. ಒಣಗಿ ಕಂದಾಗಿ, ಕಾಗದಕ್ಕೆ ಅಂಟಿ ಹೋಗಿತ್ತು. ಲಾನಿ ಅದನ್ನು ಸಾಹೇಬನ ಕಡೆ ತಿರುಗಿಸಿ ಇಟ್ಟಿದ್ದಳು.

"ಬುಕ್ಕು ಫಸ್ಟ್ ವರ್ಡು," ಎನ್ನುತ್ತಿದ್ದಳು. "ಇನ್ ಚೈನಾ, ಎವ್ರಿಬಡಿ ರೀಡ್ ದಿಸ್ ವರ್ಡು, ಎವ್ರಿಬಡಿ ಗೋ. ಮೈ ಮದರು ಆಂಗ್ರಿ. ಮದರು ಥ್ರೋ ದಿಸ್ ವರ್ಡು." ಬಾಗಿಲಲ್ಲಿ ಜಟ್ಟಿಯ ತೋಳಿನ ಕೆಳಗೆ ಸಿಕ್ಕಿಕೊಂಡಿದ್ದ ಗಣಪಿಯನ್ನು ನೋಡಿದಳು, ಆದರೂ ನಿಲ್ಲಿಸಲಿಲ್ಲ. "ಐ ಟೇಕು. ಐ ಕೀಪು. ಬಿಕಾಸು ಐ ವಾಂಟು ಸೇ ದಿಸ್ ವರ್ಡು ಹಿಯರ್. ಐ ನೋ ಅಬ್ಯಾಂಡನ್ನು. ಶಿ ನೋ ಅಬ್ಯಾಂಡನ್ನು. ಯು ರೈಟು."

ನಾನೂ ಬಿಡುವುದಿಲ್ಲ, ಅವಳೂ ಬಿಡುವುದಿಲ್ಲ; ಯು ರೈಟು, ಬರೆದುಕೋ! ಸಾಹೇಬನಿಗೇ ಹುಕುಂ! ಗಣಪಿಗೆ ಭಯವೂ ಆಯಿತು, ಹೊಟ್ಟೆ ತುಂಬ ಹೆಮ್ಮೆಯೂ ಆಯಿತು. ಹೆಮ್ಮೆಯೇ ಹೆಚ್ಚು.

ಸಾಹೇಬ ಪೆನ್ನು ತೆಗೆದ. ಅವಳು ಹೇಳಿದ್ದನ್ನು, ತಿದ್ದದೆ, ಸುಧಾರಿಸದೆ, ಹೇಳಿದ ಹಾಗೇ ಸಾಲಾಗಿ ಬರೆದು, ಗಟ್ಟಿಯಾಗಿ ಓದಿ ಹೇಳಿದ. ಲಾನಿ ಪ್ರತಿ ಶಬ್ದಕ್ಕೂ ತಲೆಯಾಡಿಸಿ ಸಹಿ ಹಾಕಿದಳು. ಆಮೇಲೆ ಅವನು ಗುಮಾಸ್ತನನ್ನು ಕರೆದು ಏನೋ ಹೇಳಿದ. ಗುಮಾಸ್ತ ಗಣಪಿಗೆ ಕನ್ನಡದಲ್ಲಿ ತಿಳಿಸಿದ: "ಒಂದು ವರ್ಷಕ್ಕೆ ಶಿಫಾರಸು ಮಾಡ್ತ್ರಂತೆ ಅಜ್ಜಿ. ಬರೂ ವರ್ಷ ಮತ್ತೆ ಬರ್ಬೇಕು, ಮತ್ತೆ ಇವ್ರೇ ಮಾತಾಡ್ಬೇಕು."

"ಬತ್ತೇವೆ ಅಂತ ಹೇಳಿ," ಎಂದಳು ಗಣಪಿ. "ಬರೂ ವರ್ಷಕ್ಕೆ ಇನ್ನೂ ಸಾವಿರ ಶಬ್ದ ಕಟ್ತೇವೆ. ಅವರಿಗೇ ಉತ್ತರ ಕೊಡೂಕೆ ಕಷ್ಟ ಆಗೂದು."

ಗುಮಾಸ್ತ ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ತಿರುಗಿಸಿದ್ದರೂ ಗಣಪಿಗೆ ಚಿಂತೆ ಇರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಅವಳು ಸೊಸೆಯ ತಲೆಗೆ ಒಂದು ಮೊಟಕಿದಳು. "ನಾ ಬಿಸಾಡಿದ್ದನ್ನ ಹೆಕ್ಕಿ ಇಟ್ಕಂಡ್ಯಾ? ನನ್ನ ಮಾತಿಗೆ ಕಿಮ್ಮತ್ತಿಲ್ವಾ ನಿಂಗೆ?"

"ಇಲ್ಲ," ಅಂದಳು ಲಾನಿ, ನಗುತ್ತ.

ಹೊನ್ನಾವರದಲ್ಲಿ ಡ್ರೈವರು ಚಾ ಕುಡಿಯಲು ಇಳಿದ ಹೊತ್ತಿಗೆ ಪ್ರಕಾಶನ ಫೋನು ಬಂತು. "ಎಂತ ಆತು ಅಮ್ಮ? ಕಡತ ಮುಚ್ಚಿದ್ರಾ? ನಾ ಅವತ್ತೇ ಹೇಳಿದ್ದೆ, ಬಿಟ್ಟುಬಿಡು ಅಂತ..."

ಗಣಪಿ ಫೋನನ್ನು ಬಾಯಿಯ ಹತ್ತಿರ ಹಿಡಿದಳು. "ನೋ ಅಬ್ಯಾಂಡನ್ನು!" ಎಂದಳು, ಬಸ್ಸಿಗೆ ಬಸ್ಸೇ ತಿರುಗಿ ನೋಡುವ ಹಾಗೆ.

"ಎಂತ? ಎಂತ ಅಂದೆ?"

"ಅರ್ಥ ಆಗ್ಲಿಲ್ವಾ? ನಾಳೆ ಬೆಳಿಗ್ಗೆ ಜಗಲಿಗೆ ಬಾ, ಹೂ ಕಟ್ಟೂಕೆ ಕೂರು. ಕಲಿಸ್ತೇವೆ."